ವರ್ತಕರ ಬಿಲ್ಲೆಗಳು

ಹಣದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಚಿನ್ನ ಬೆಳ್ಳಿಗಳ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ದೊರೆಯ ವರಹದಲ್ಲಿ ಎಷ್ಟು ಚಿನ್ನವಿತ್ತು, ಯಾವ ಬಾದಶಹನ ರೂಪಾಯಿ ಎಷ್ಟು ತೂಗುತ್ತಿತ್ತು ಎಂಬ ವಿಚಾರಗಳು ಗ್ರಂಥಗಳಲ್ಲಿ ವಿಸ್ತಾರವಾಗಿ ದೊರೆಯುತ್ತವೆ. ಆದರೆ ಸಂತೆಯಲ್ಲಿ ಒಂದು ಹಿಡಿ ಸೊಪ್ಪು ಕೊಳ್ಳುವವಳಿಗೆ ವರಹದಿಂದ ಏನು ಪ್ರಯೋಜನ? ಅವಳಿಗೆ ಬೇಕಾದುದು ಕಾಸು. ಆ ಕಾಸೇ ಇಲ್ಲದೆ ಹೋದರೆ ಕೊಳ್ಳುವವಳೂ ಬರಿಗೈಯಲ್ಲಿ ಹಿಂದಿರುಗಬೇಕು, ಮಾರುವವಳೂ ಬಾಡಿದ ಸೊಪ್ಪನ್ನು ಹೊತ್ತುಕೊಂಡು ಹೋಗಬೇಕು. ಚಿಲ್ಲರೆ ನಾಣ್ಯವನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಈಗ ಎಲ್ಲರೂ ಒಪ್ಪುತ್ತಾರೆ. ಈ ಕರ್ತವ್ಯವನ್ನು ದೊಡ್ಡ ದೊಡ್ಡ ಸರ್ಕಾರಗಳೇ ಮರೆತ ಕಾಲವೂ ಉಂಟು. ಅಂತಹ ಕಾಲಗಳಲ್ಲಿ ಅಂಗಡಿಕಾರರು ತಮ್ಮ ಹೆಸರಿನಲ್ಲಿ ತಾವೇ ಬಿಲ್ಲೆಗಳನ್ನು ಹೊಡೆಯಿಸಿ ಹಣವಾಗಿ ನಡೆಯಿಸಿದರು. ಇಂಗ್ಲೆಂಡಿನಲ್ಲಿ ಎರಡು ಶತಮಾನಗಳ ಅವಧಿಯಲ್ಲಿ ಹೀಗೆ ಮೂರು ಬಾರಿ ನಡೆದ ಸಂಗತಿಯನ್ನು ಈ ಹೊತ್ತು ವಿಚಾರಮಾಡೋಣ.

ಆ ದೇಶದ ಹಳೆಯ ಲೆಕ್ಕದಲ್ಲಿ ಪೌಂಡಿಗೆ ೨೦ ಷಿಲ್ಲಿಂಗು, ಷಿಲ್ಲಿಂಗಿಗೆ ೧೨ ಪೆನ್ನಿ, ಪೆನ್ನಿಗೆ ೪ ಫಾರ್ದಿಂಗು. ನಾಣ್ಯವೆಂದರೆ ಅದರ ಬೆಲೆಯಷ್ಟು ಲೋಹ ಅದರಲ್ಲಿರಬೇಕು, ಆ ಲೋಹ ಚಿನ್ನವೋ ಬೆಳ್ಳಿಯೋ ಆಗಿರಬೇಕು ಎಂಬುದು ಆಳುವವರ ನಂಬಿಕೆಯಾಗಿತ್ತು. ತಾಮ್ರದ ಮೇಲೆ ರಾಜಮುಖವನ್ನು ಅಚ್ಚೊತ್ತುವುದು ಸಿಂಹಾಸನಕ್ಕೆ ಗೌರವ ತರುವ ಕೆಲಸವಲ್ಲವೆಂದು ಅವರು ಭಾವಿಸಿದ್ದರು. ಇದರ ಫಲವೇನಾಯಿತು? ಎಲಿಜಬೆತ್ ರಾಣಿಯ ಆಳ್ವಿಕೆಯ ಕೊನೆಯ ವೇಳೆಗೆ ಬೆಳ್ಳಿಯ ಅರ್ಧಪೆನ್ನಿ ಸುಮಾರು ಕಾಲು ಗ್ರಾಂ ತೂಗುವ ಹೊಟ್ಟಿನಂತಹ ವಸ್ತುವಾಗಿತ್ತು. ಬೆರಳ ಸಂದಿಯಲ್ಲಿ ಜಾರಿದರೆ ಮತ್ತೆ ಸಿಕ್ಕುತ್ತಿರಲಿಲ್ಲ. ಫಾರ್ದಿಂಗನ್ನು ಬೆಳ್ಳಿಯಲ್ಲಿ ಮಾಡುವುದು ಅಸಾಧ್ಯವೇ ಆಯಿತು. ಇದಲ್ಲದೆ ಟಂಕಸಾಲೆಯ ಲೆಕ್ಕವೂ ಒಂದಿತ್ತು. ಒಂದು ಷಿಲ್ಲಿಂಗನ್ನು ಹೊಡೆಯುವುದಕ್ಕೆ ಎಷ್ಟು ಶ್ರಮವೋ ಹೆಚ್ಚು ಕಡಮೆ ಅಷ್ಟೇ ಶ್ರಮ ಒಂದು ಅರ್ಧಪೆನ್ನಿಗೂ ಬೇಕು. ಟಂಕಸಾಲೆಯವರಿಗೆ ಕೂಲಿ ಸಿಕ್ಕುತ್ತಿದ್ದುದಾದರೋ ಬೆಳ್ಳಿಯ ತೂಕದ ಮೇಲೆ. ಆದುದರಿಂದ ಬಡವರ ನಾಣ್ಯವನ್ನು ಹೊಡೆಯಲು ಅವರಿಗೆ ಎಂದಿಗೂ ಮನಸ್ಸು ಬರಲಿಲ್ಲ.

೧೬೧೩ರಲ್ಲಿ ಒಂದನೆಯ ಜೇಮ್ಸ್ ದೊರೆ ತಾಮ್ರದ ಫಾರ್ದಿಂಗುಗಳನ್ನು ಹೊಡೆಯುವ ಹಕ್ಕನ್ನು ಹ್ಯಾರಿಂಗ್ಟನ್ ಪ್ರಭುವಿಗೆ ಗುತ್ತಿಗೆ ಕೊಟ್ಟನು. ಈ ಹಕ್ಕು ಮುಂದೆ ಬೇರೆ ಪ್ರಭುಗಳ ಕೈಗೂ ಹೋಯಿತು. ಹಗುರವಾದ ಆ ತುಣುಕುಗಳಲ್ಲಿ ಲಾಭ ಗುತ್ತಿಗೆದಾರರದು, ನಷ್ಟ ಪ್ರಜೆಗಳದು. ಕಳ್ಳನಾಣ್ಯಗಳೂ ಅವುಗಳೊಡನೆ ಬೆರೆತು ಜನರು ಬೇಸತ್ತುಹೋದರು. ಒಂದನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಈ ಗುತ್ತಿಗೆ ಮುರಿದುಬಿತ್ತು. ೧೬೪೯ರಲ್ಲಿ ದೊರೆಯ ಶಿರಚ್ಛೇದವೂ ಆಯಿತು. ಇತ್ತ ಪೇಟೆಯಲ್ಲಿ ಫಾರ್ದಿಂಗು ಇಲ್ಲ. ಅದನ್ನು ಹೊಡೆಯುವ ಅಧಿಕಾರ ತನ್ನದೆಂದು ಗಟ್ಟಿಯಾಗಿ ಹೇಳುವವರೂ ಇಲ್ಲ.

ಆಗ ವರ್ತಕರು ಮುಂದೆ ಬಂದರು. ೧೬೪೮ರಿಂದ ೧೬೭೨ರವರೆಗೆ ಲಂಡನ್ ನಗರದಲ್ಲಿಯೂ ನೂರಾರು ಊರುಗಳಲ್ಲಿಯೂ ದಿನಸಿಯವರು, ರೊಟ್ಟಿಯವರು, ಮೇಣದ ಬತ್ತಿಯವರು, ಪಾನಗೃಹದವರು ತಂತಮ್ಮ ಬಿಲ್ಲೆಗಳನ್ನು ಹೊರಡಿಸಿದರು. ಇವುಗಳಲ್ಲಿ ಹತ್ತು ಸಾವಿರಕ್ಕೂ ಮೀರಿದ ಬಗೆಗಳನ್ನು ಸಂಗ್ರಾಹಕರು ಪಟ್ಟಿಮಾಡಿದ್ದಾರೆ. ಲಂಡನ್ನಿನ ರಾಜಟಂಕಸಾಲೆಗೆ ಸೇರಿದ ಡೇವಿಡ್ ರಾಮೇಜ್ ಎಂಬ ಕುಶಲಿಯೇ ಇವುಗಳಲ್ಲಿ ಅನೇಕವನ್ನು ಅಚ್ಚು ಹಾಕಿಕೊಟ್ಟನೆಂಬುದು ಸ್ವಾರಸ್ಯದ ಸಂಗತಿ.

ಈ ಬಿಲ್ಲೆಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಆ ಕಾಲದ ಪೇಟೆಬೀದಿಯೇ ಕಣ್ಣಮುಂದೆ ನಿಲ್ಲುತ್ತದೆ. ಹಿತ್ತಾಳೆಯದೋ ತಾಮ್ರದ್ದೋ ಆದ ತೆಳ್ಳನೆಯ ಬಿಲ್ಲೆ. ಸಾಮಾನ್ಯವಾಗಿ ದುಂಡಗೆ, ಕೆಲವು ಎಂಟು ಮೂಲೆಯವು, ಕೆಲವು ಹೃದಯದ ಆಕಾರದವು. ಅಂಚಿನ ಸುತ್ತಲೂ ವರ್ತಕನ ಹೆಸರು, ಬೀದಿ ಅಥವಾ ಊರು. ನಡುವೆ ಅವನ ಅಂಗಡಿಯ ಗುರುತು: ದಿನಸಿಯವನಿಗೆ ಸಕ್ಕರೆಯ ಅಚ್ಚು, ಬತ್ತಿಯವನಿಗೆ ಬತ್ತಿಯ ಕಟ್ಟು, ಆಗತಾನೇ ಲಂಡನ್ನಿಗೆ ಬಂದಿದ್ದ ಕಾಫಿಯ ಅಂಗಡಿಗೆ ತುರ್ಕಿ ಸುಲ್ತಾನನ ತಲೆ. ಓದು ಬಾರದವನೂ ಬಿಲ್ಲೆಯನ್ನು ನೋಡಿ ಅದು ಯಾವ ಅಂಗಡಿಯದೆಂದು ತಿಳಿಯಬಹುದಾಗಿತ್ತು. ಇನ್ನೊಂದು ಮುಖದಲ್ಲಿ ಅನೇಕವೇಳೆ ಮೂರು ಅಕ್ಷರಗಳಿರುತ್ತವೆ. ಮೇಲಿನದು ಮನೆತನದ ಹೆಸರಿನದು. ಕೆಳಗಿನ ಎರಡರಲ್ಲಿ ಒಂದು ಗಂಡನ ಹೆಸರಿನದು, ಮತ್ತೊಂದು ಹೆಂಡತಿಯದು. ಅಂಗಡಿಯ ವ್ಯವಹಾರದಲ್ಲಿ ಗೃಹಿಣಿಯೂ ಪಾಲುಗಾರಳೆಂಬುದನ್ನು ಈ ಬಿಲ್ಲೆಗಳು ಒಪ್ಪಿಕೊಂಡಿದ್ದವು. ವಿಧವೆಯರು ತಮ್ಮ ಹೆಸರಿನಲ್ಲಿಯೇ ಹೊರಡಿಸಿದವೂ ಉಂಟು. ಅಗತ್ಯವಾದ ಚಿಲ್ಲರೆಗಾಗಿ ಎಂದೋ, ಬಡವರ ಉಪಯೋಗಕ್ಕಾಗಿ ಎಂದೋ ಕೆಲವು ಬಿಲ್ಲೆಗಳ ಮೇಲೆ ಬರೆದಿದೆ. ಬ್ರಿಸ್ಟಲ್ ಮೊದಲಾದ ಕೆಲವು ಊರುಗಳಲ್ಲಿ ಪುರಸಭೆಯೇ ಬಿಲ್ಲೆಗಳನ್ನು ಹೊರಡಿಸಿತು.

ಇವು ನಡೆಯುತ್ತಿದ್ದ ಬಗೆ ಸರಳವಾದುದು. ಬಿಲ್ಲೆಯಲ್ಲಿದ್ದ ಲೋಹಕ್ಕೆ ಬೆಲೆ ಅತ್ಯಲ್ಪ. ಅದರ ಬೆಲೆಯೆಲ್ಲ ಅದರ ಮೇಲಿನ ಹೆಸರಿನಲ್ಲಿತ್ತು. ಸಾಕಷ್ಟು ಬಿಲ್ಲೆಗಳನ್ನು ಕೂಡಿಸಿ ತಂದವನಿಗೆ ಬೆಳ್ಳಿಯ ನಾಣ್ಯ ಕೊಡುವೆನೆಂಬುದು ವರ್ತಕನ ವಾಗ್ದಾನ. ನೆರೆಯ ಅಂಗಡಿಯವರು ಒಬ್ಬರ ಬಿಲ್ಲೆಯನ್ನು ಒಬ್ಬರು ತೆಗೆದುಕೊಂಡು, ಅನೇಕ ಅರೆಗಳುಳ್ಳ ಪೆಟ್ಟಿಗೆಯಲ್ಲಿ ಹೆಸರುವಾರಿ ವಿಂಗಡಿಸಿಟ್ಟು, ಆಗಾಗ ಹೋಗಿ ಬದಲಾಯಿಸಿಕೊಳ್ಳುತ್ತಿದ್ದರು. ನಮ್ಮ ದೇಶದ ಸಾಹುಕಾರರ ಹುಂಡಿಯೂ ಹೆಸರಿನ ಬಲದಿಂದಲೇ ನಡೆಯುತ್ತಿತ್ತು. ಆದರೆ ಹುಂಡಿ ಊರಿಂದೂರಿಗೆ ನೂರಾರು ಹರದಾರಿ ಹೋಗಬಲ್ಲುದು. ಈ ಬಿಲ್ಲೆಯ ಲೋಕ ಬಹಳ ಕಿರಿದು. ಅದು ಒಂದೆರಡು ಬೀದಿಗಳನ್ನು ದಾಟಿ ನಡೆಯುವುದೇ ಅಪರೂಪವೆಂದು ಆ ಕಾಲದಲ್ಲಿ ಬಾಳಿದ ಜಾನ್ ಎವೆಲಿನ್ ತಿಳಿಸಿದ್ದಾನೆ. ವರ್ತಕನನ್ನು ಬಲ್ಲವರು ಎಲ್ಲಿಯವರೆಗೆ ಇದ್ದರೋ ಅಲ್ಲಿಯವರೆಗೆ ಅದು ಹಣ. ಅದರಾಚೆಗೆ ಬರಿಯ ತಗಡು. ವರ್ತಕನು ಸತ್ತರೆ, ದಿವಾಳಿಯೆದ್ದರೆ, ೧೬೬೬ರ ಲಂಡನ್ನಿನ ಮಹಾ ಅಗ್ನಿಯಂತಹ ಅನಾಹುತದಲ್ಲಿ ಅಂಗಡಿಯೇ ಉರಿದುಹೋದರೆ, ಬಿಲ್ಲೆಯನ್ನು ಹಿಡಿದವನು ಯಾರನ್ನು ಕೇಳಬೇಕು?

೧೬೭೨ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ತಾಮ್ರದ ಅರ್ಧಪೆನ್ನಿಗಳನ್ನೂ ಫಾರ್ದಿಂಗುಗಳನ್ನೂ ಹೊರಡಿಸಿ, ವರ್ತಕರ ಬಿಲ್ಲೆಗಳನ್ನು ನಿಷೇಧಿಸಿದನು. ಬ್ರಿಟಾನಿಯಾ ದೇವಿಯ ಚಿತ್ರ ಇಂಗ್ಲೆಂಡಿನ ನಾಣ್ಯವನ್ನು ಸೇರಿದ್ದು ಆಗಲೇ. ಇಪ್ಪತ್ತನಾಲ್ಕು ವರ್ಷಗಳ ಕಾಲ ಪೇಟೆಯನ್ನು ನಡೆಯಿಸಿದ ಬಿಲ್ಲೆಗಳು ಹೀಗೆ ಮರೆಯಾದುವು. ಸಿಂಹಾಸನಕ್ಕೆ ಅಗೌರವವೆನಿಸಿದ್ದ ತಾಮ್ರವನ್ನು ಸಿಂಹಾಸನವೇ ಕೈಗೆತ್ತಿಕೊಳ್ಳುವಂತೆ ಮಾಡಿದುದು ಅವುಗಳ ಸಾಧನೆ.

ಆದರೆ ಪಾಠವನ್ನು ಕಲಿತ ಸರ್ಕಾರ ಅದನ್ನು ಮತ್ತೆ ಮರೆಯಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಯಂತ್ರಗಳೂ ಕಾರ್ಖಾನೆಗಳೂ ಬೆಳೆದುವು. ನೂರಾರು ಕೂಲಿಗಳಿಗೆ ವಾರವಾರವೂ ಸಣ್ಣ ಮೊತ್ತದ ಸಂಬಳವನ್ನು ಹಂಚಬೇಕಾಯಿತು. ಸರಿಯಾಗಿ ಇದೇ ಕಾಲದಲ್ಲಿ, ೧೭೭೫ರಿಂದ ೧೭೯೭ರವರೆಗೆ, ರಾಜಟಂಕಸಾಲೆ ತಾಮ್ರದ ನಾಣ್ಯವನ್ನು ಹೊಡೆಯುವುದನ್ನೇ ನಿಲ್ಲಿಸಿತ್ತು. ಪೇಟೆಯಲ್ಲಿ ಓಡಾಡುತ್ತಿದ್ದ ತಾಮ್ರದಲ್ಲಿ ಬಹುಭಾಗ ಕಳ್ಳನಾಣ್ಯವಾಗಿತ್ತು.

ಎರಡನೆಯ ಸಲ ಮುಂದೆ ಬಂದವರು ಬೀದಿಯ ಅಂಗಡಿಕಾರರಲ್ಲ, ಗಣಿ ಕಾರ್ಖಾನೆಗಳ ಒಡೆಯರು. ವೇಲ್ಸ್ ಸೀಮೆಯ ಆಂಗಲ್ಸಿ ದ್ವೀಪದಲ್ಲಿ ಥಾಮಸ್ ವಿಲಿಯಮ್ಸ್ ಎಂಬ ವಕೀಲನ ಆಡಳಿತಕ್ಕೆ ಸೇರಿದ್ದ ಪ್ಯಾರಿಸ್ ಗಣಿ ಕಂಪೆನಿ ೧೭೮೭ರಲ್ಲಿ ತನ್ನ ತಾಮ್ರದಿಂದ ತಾನೇ ಪೆನ್ನಿಗಳನ್ನು ಹೊಡೆಯಿಸಿತು. ಒಂದು ಮುಖದಲ್ಲಿ ಗಡ್ಡದ ಡ್ರೂಯಿಡ್ ಪುರೋಹಿತನ ತಲೆ. ಇನ್ನೊಂದರಲ್ಲಿ, ಬಿಲ್ಲೆಯನ್ನು ತಂದವರಿಗೆ ಒಂದು ಪೆನ್ನಿ ಕೊಡುವೆವೆಂಬ ವಾಗ್ದಾನ. ಅಂಚಿನಲ್ಲಿ ಲಂಡನ್, ಲಿವರ್‌ಪೂಲ್, ಆಂಗಲ್ಸಿಗಳಲ್ಲಿ ಸಲ್ಲುವುದೆಂಬ ಬರಹ. ಎರಡು ಬೀದಿಯ ವಾಗ್ದಾನ ಈಗ ಮೂರು ಊರುಗಳಿಗೆ ಹಬ್ಬಿತು. ಅದೇ ವರ್ಷ ಕಬ್ಬಿಣದ ಉದ್ಯಮಿಯಾದ ಜಾನ್ ವಿಲ್ಕಿನ್ಸನ್, ರಾಜಮುಖವಿರಬೇಕಾದ ಜಾಗದಲ್ಲಿ ತನ್ನ ಮುಖವನ್ನೇ ಅಚ್ಚೊತ್ತಿಸಿದನು. ತೂಕದಲ್ಲಿಯೂ ಅಂದದಲ್ಲಿಯೂ ಈ ಬಿಲ್ಲೆಗಳು ಪೇಟೆಯಲ್ಲಿದ್ದ ನಾಣ್ಯಕ್ಕಿಂತ ಮೇಲಾಗಿದ್ದುವು. ಬೇಗನೆ ನೂರಾರು ಊರುಗಳವರು ಇವನ್ನು ಅನುಸರಿಸಿದರು. ಅನುಸರಿಸಿದವರಲ್ಲಿ ಪ್ರಾಮಾಣಿಕರೂ ಇದ್ದರು, ಯಾರೂ ವಾಸಿಸದ ವಿಳಾಸವನ್ನು ಕೆತ್ತಿಸಿ ಹಗುರವಾದ ಬಿಲ್ಲೆಗಳನ್ನು ದಾಟಿಸಿದ ವಂಚಕರೂ ಇದ್ದರು.

ಕೊನೆಗೆ ೧೭೯೭ರಲ್ಲಿ ಸರ್ಕಾರ, ಬರ್ಮಿಂಗ್‌ಹ್ಯಾಮ್ ಸಮೀಪದ ಸೋಹೋದಲ್ಲಿ ಉಗಿಯಂತ್ರದ ಟಂಕಸಾಲೆ ನಡೆಯಿಸುತ್ತಿದ್ದ ಮ್ಯಾಥ್ಯೂ ಬೋಲ್ಟನ್ನನಿಗೆ ತಾಮ್ರದ ನಾಣ್ಯದ ಕೆಲಸವನ್ನು ಒಪ್ಪಿಸಿತು. ಖಾಸಗಿ ಬಿಲ್ಲೆಗಳನ್ನು ಹೊಡೆದು ಪಳಗಿದ್ದ ಯಂತ್ರವೇ ಈಗ ರಾಜನ ನಾಣ್ಯವನ್ನು ಹೊಡೆಯಿತು. ಪೆನ್ನಿ ಒಂದು ಔನ್ಸು, ಎರಡು ಪೆನ್ನಿಯ ನಾಣ್ಯ ಎರಡು ಔನ್ಸು ತೂಗುತ್ತಿದ್ದುದರಿಂದ ಜನರು ಅವನ್ನು ಬಂಡಿಯ ಗಾಲಿಗಳೆಂದು ಕರೆದರು. ಮುಂದೆ ತಾಮ್ರದ ಬೆಲೆ ಏರಿ ಅವು ಕುಲುಮೆಯ ಪಾಲಾದುವು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಮತ್ತೆ ಚಿಲ್ಲರೆಗೆ ಬರ. ೧೮೧೧ ಮತ್ತು ೧೮೧೨ರಲ್ಲಿ ಮೂರನೆಯ ಸಲ ಬಿಲ್ಲೆಗಳು ಹೊರಟುವು.

ಈ ಮೂರನೆಯ ಸಲದ ಕೊನೆಯಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ೧೮೧೭ರಲ್ಲಿ ಪಾರ್ಲಿಮೆಂಟು ಖಾಸಗಿ ತಾಮ್ರದ ಬಿಲ್ಲೆಗಳನ್ನೆಲ್ಲ ನಿಷೇಧಿಸಿತು. ಆದರೆ ಬರ್ಮಿಂಗ್‌ಹ್ಯಾಮಿನಲ್ಲಿಯೂ ಷೆಫೀಲ್ಡಿನಲ್ಲಿಯೂ ಬಡವರ ಪೋಷಣೆಯ ಅಧಿಕಾರಿಗಳು ಹೊರಡಿಸಿದ್ದ ಬಿಲ್ಲೆಗಳು ಹೇರಳವಾಗಿ ಜನರ ಕೈಯಲ್ಲಿದ್ದುವು. ಒಮ್ಮೆಗೇ ನಿಷೇಧಿಸಿದರೆ ನಷ್ಟ ಬಡವರ ಮೇಲೆ ಬೀಳುವುದೆಂದು ಮೊದಲನೆಯದಕ್ಕೆ ೧೮೨೦ರವರೆಗೂ ಎರಡನೆಯದಕ್ಕೆ ೧೮೨೩ರವರೆಗೂ ಅವಕಾಶ ಕೊಟ್ಟರು. ಹಣವನ್ನು ರದ್ದುಮಾಡುವುದು ಸುಲಭ. ಅದು ಯಾರ ಕೈಯಲ್ಲಿರುವಾಗ ರದ್ದಾಗುತ್ತದೆಂದು ವಿಚಾರಿಸುವುದು ರಾಜನೀತಿ.

ಬಿಲ್ಲೆಗಳನ್ನು ನಾವು ಹೊಗಳಿಬಿಡುವುದೂ ಸರಿಯಲ್ಲ. ಒಡೆಯನ ಅಂಗಡಿಯಲ್ಲಿ ಮಾತ್ರ ಸಲ್ಲುವ ಬಿಲ್ಲೆಯಿಂದ ಸಂಬಳ ಪಡೆದ ಕೂಲಿಗೆ, ಅಲ್ಲಿ ಹೇಳಿದ ಬೆಲೆಗೆ ಕೊಳ್ಳದೆ ಗತಿಯಿಲ್ಲ. ಸಂಬಳವನ್ನು ದೇಶದ ನಾಣ್ಯದಲ್ಲಿಯೇ ಕೊಡತಕ್ಕದ್ದೆಂದು ೧೮೩೧ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನು ಬಂದುದು ಇಂತಹ ಕಷ್ಟದಿಂದಲೇ. ಅಂಗಡಿಯವನು ನೆರೆಯವನಾಗಿದ್ದಾಗ ಬಿಲ್ಲೆ ಒಂದು ವಾಗ್ದಾನ. ಒಡೆಯನಾದಾಗ ಅದೇ ಒಂದು ಸಂಕೋಲೆ.

ಈ ಕಥೆ ಪರದೇಶದ್ದಾದರೂ ನಮಗೆ ಅಪರಿಚಿತವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿಯೂ ಚಿಲ್ಲರೆ ಮಾಯವಾಯಿತು. ಕಾಠಿಯಾವಾಡದ ಮತ್ತು ರಾಜಪುತಾನದ ಹಲವು ಸಂಸ್ಥಾನಗಳು ಕಾಸು ಆಣೆಗಳಿಗೆ ಬದಲಾಗಿ ಚಿಕ್ಕ ಚೀಟಿಗಳನ್ನು ಹೊರಡಿಸಿದುವು. ತಾಮ್ರವನ್ನು ಉಳಿಸಲು ಭಾರತ ಸರ್ಕಾರ ೧೯೪೩ರಿಂದ ತೂತಿನ ಕಾಸನ್ನು ಹೊಡೆಯಿತು. ಅದಾದಮೇಲೂ ಬಹುಕಾಲ ನಮ್ಮ ಅಂಗಡಿಗಳಲ್ಲಿ ಬಾಕಿಗೆ ಬದಲು ಪೆಪ್ಪರಮೆಂಟು ಕೊಡುವುದನ್ನೂ, ಬೆಂಗಳೂರಿನ ಬಸ್ಸುಗಳಲ್ಲಿ ಬರಬೇಕಾದ ಚಿಲ್ಲರೆಯನ್ನು ಟಿಕೆಟ್ಟಿನ ಬೆನ್ನಮೇಲೆ ಬರೆದುಕೊಡುವುದನ್ನೂ ನಾವೆಲ್ಲರೂ ನೋಡಿದ್ದೇವೆ. ಆ ಬರಹವೂ ಒಂದು ಬಿಲ್ಲೆಯೇ. ಇಳಿಯುವ ನಿಲ್ದಾಣ ಬಂದಾಗ ಕಂಡಕ್ಟರು ಬಸ್ಸಿನ ಆ ತುದಿಯಲ್ಲಿದ್ದರೆ ಅದರ ಬೆಲೆಯೇನೆಂಬುದು ಎಲ್ಲರಿಗೂ ತಿಳಿದುದೇ.

ವಸ್ತುಸಂಗ್ರಹಾಲಯಗಳಲ್ಲಿ ಚಿನ್ನದ ನಾಣ್ಯಗಳ ಮುಂದೆ ಜನ ನಿಲ್ಲುತ್ತಾರೆ. ಸವೆದ ಹಿತ್ತಾಳೆಯ ಬಿಲ್ಲೆಯ ಮುಂದೆಯೂ ನಾವು ಒಂದು ಕ್ಷಣ ನಿಲ್ಲಬೇಕು. ಅದನ್ನು ಸವೆಯಿಸಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರು ಅರ್ಧ ರೊಟ್ಟಿಯನ್ನೋ ಒಂದು ಬತ್ತಿಯನ್ನೋ ಕೊಳ್ಳುವುದಕ್ಕಾಗಿ ಅದನ್ನು ಕೈಯಿಂದ ಕೈಗೆ ದಾಟಿಸಿದರು. ಆಳುವವರು ಒದಗಿಸದೆ ಹೋದುದನ್ನು ನೆರೆಯವನ ಮಾತಿನಲ್ಲಿ ನಂಬಿಕೆಯಿಟ್ಟು ಕೆಲವು ಕಾಲ ಒದಗಿಸಿಕೊಂಡರು.