‘ಕಾವಲು’: ಮಂಚಿಕೆಯಿಂದ ಕಡಲಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬಾಯಿಮಾತಿನಲ್ಲಿ ‘ಕಾಯು’ ಎಂಬ ಧಾತು ದುಡಿಯುವಷ್ಟು ಬೇರೊಂದು ದುಡಿಯುವುದು ಅಪರೂಪ. ದನಾ ಕಾಯಾಂವ, ಹೊಲಾ ಕಾಯಾಂವ, ಜೋಳದ ತೆನೆ ಹಾಲುಗಾಳಾದಾಗ ಮಂಚಿಕೆ ಏರಿ ಕವಣೆ ಬೀಸುತ್ತ ಹಕ್ಕಿ ಕಾಯಾಂವ, ಘಟಪ್ರಭೆಯ ಕಾಲುವೆಗೆ ರಾತ್ರಿ ಪಾಳಿ ಬಿದ್ದಾಗ ಬದುವಿನ ಮೇಲೆ ಬ್ಯಾಟರಿ ಹಿಡಿದು ನೀರು ಕಾಯಾಂವ; ಮಗ ಸೈನ್ಯ ಸೇರಿದರೆ ‘ಗಡಿ ಕಾಯಾಕ ಹೋಗ್ಯಾನ’, ರಜೆಗೆ ಬರುತ್ತಾನೆಂದರೆ ಅವ್ವ ‘ಹಾದಿ ಕಾಯಾಕತ್ತಾಳ’. ಇಷ್ಟು ನೆಲಕ್ಕಂಟಿದ ಮಾತು ಇಂದು ಮಲ್ಪೆ, ಹೆಜಮಾಡಿ, ಗಂಗೊಳ್ಳಿ, ಭಟ್ಕಳ, ಬೇಲೇಕೇರಿಗಳಲ್ಲಿ ‘ಕರಾವಳಿ ಕಾವಲು ಪೊಲೀಸ್ ಠಾಣೆ’ ಎಂಬ ಫಲಕವೇರಿ ಕಡಲಿಗೆ ಮುಖಮಾಡಿ ನಿಂತಿದೆ. ಹೊಲದ ಮಾತು ಅಲೆಯ ಮೇಲೆ ಹೇಗೆ ಹೋಯಿತೆಂದು ನೋಡುವ ಆಸೆ ಪದಪ್ರಿಯರಾದ ನಮಗೆ ಸಹಜವೇ.

ಮೂಲ ‘ಕಾ’, ‘ಕಾಯ್’. ತಮಿಳಿನ ‘ಕಾ’, ‘ಕಾವಲ್’, ತೆಲುಗಿನ ‘ಕಾಚು’, ‘ಕಾವಲಿ’, ತುಳುವಿನ ‘ಕಾಪುನಿ’ ಎಲ್ಲ ಒಂದೇ ಬಳ್ಳಿಯ ಕುಡಿಗಳು. ಕನ್ನಡದಲ್ಲಿ ಇದಕ್ಕೆ ‘ಪು’ ಸೇರಿ ‘ಕಾಪು’ ಆಯಿತು. ಪಕಾರ ಹಕಾರವಾಗುವ ಗಾಳಿ ಬೀಸಿದಾಗ ಅದೇ ‘ಕಾಹು’ ಆಯಿತು. ಕಾಪಾಡು, ಕಾಪಿಡು ಮಾತ್ರ ಹಳೆಯ ಪಕಾರವನ್ನು ಬಿಡದೆ ಉಳಿದುಕೊಂಡವು. ಹನ್ನೆರಡನೆಯ ಶತಮಾನದ ವಚನಕಾರ ತುರುಗಾಹಿ ರಾಮಣ್ಣನ ಹೆಸರಿನಲ್ಲೇ ತುರುವನ್ನು ಕಾಯುವ ಕಾಯಕ ಕೂತಿದೆ. ದಾನಶಾಸನಗಳ ಕೊನೆಯಲ್ಲಿ ದತ್ತಿಯನ್ನು ಕಾದವನಿಗೆ ಪುಣ್ಯ, ಅಳಿದವನಿಗೆ ಪಾತಕ ಎನ್ನುವಾಗಲೂ ಇದೇ ‘ಕಾ’. ಹಳೆಯ ಮೈಸೂರಿನಲ್ಲಂತೂ ಕಾಯುವ ಕ್ರಿಯೆ ಕಾಯಲ್ಪಟ್ಟ ನೆಲದ ಹೆಸರೇ ಆಗಿಹೋಯಿತು: ಅಮೃತಮಹಲ್ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳು ಬರಿಯ ‘ಕಾವಲು’ಗಳಾದವು. ಇದರ ಪಕ್ಕದಲ್ಲೇ ವೇಷ ಒಂದೇ ಆದ ಇನ್ನಿಬ್ಬರಿದ್ದಾರೆ. ನೀರು ಕಾಯುವ, ಹಂಚು ಕಾಯುವ ಬಿಸಿಯ ‘ಕಾಯ್’ ಒಂದು, ಕಾದಾಟ, ಕಾಳಗಗಳನ್ನು ಹೆತ್ತ ‘ಕಾದು’ ಇನ್ನೊಂದು. ನಿಘಂಟುಗಳು ಮೂವರನ್ನೂ ಬೇರೆಬೇರೆ ಮನೆಯಲ್ಲಿಟ್ಟಿವೆ, ಸರಿಯಾಗಿಯೇ. ಆದರೆ ತುರುವನ್ನು ಕಾದು, ಕಳ್ಳರೊಡನೆ ಕಾದಿ ಸತ್ತವನ ವೀರಗಲ್ಲಿನ ಮುಂದೆ ನಿಂತಾಗ ಕಿವಿ ಆ ಗೋಡೆಗಳನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಇನ್ನು ‘ನಿರೀಕ್ಷಿಸು’ ಎಂಬರ್ಥ. ಕಾಪಾಡುವ ‘ಕಾಯು’ ಯಾರಿಗೋ ಕಾಯುವ ‘ಕಾಯು’ ಆದದ್ದು ಹೇಗೆ? ಮಂಚಿಕೆಯ ಮೇಲಿನವನನ್ನು ನೋಡಿದರೆ ತಿಳಿಯುತ್ತದೆ. ಅವನ ಕೆಲಸದಲ್ಲಿ ಕಲ್ಲು ಬೀಸುವುದು ಅರೆಗಳಿಗೆ. ಉಳಿದದ್ದೆಲ್ಲ ಬರಲಿರುವ ಹಕ್ಕಿಗಾಗಿ ಕಣ್ಣು ತೆರೆದು ಕೂರುವುದು. ರಕ್ಷಣೆಯ ಬಹುಪಾಲು ನಿರೀಕ್ಷೆಯೇ. ತುಳುವಿನಲ್ಲೂ ‘ಕಾಪುನಿ’ ಎಂದರೆ ಎರಡೂ ಹೌದು.

ಕಡಲಿನ ಸಂಗತಿಗೆ ಬಂದರೆ, ನಮ್ಮ ಅರಸರ ಹಳೆಯ ಭಾಷೆ ಕಾವಲಿನದಲ್ಲ, ಒಡೆತನದ್ದು. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಪಡುಗಡಲ ಲಕ್ಷ್ಮಿಯಂತಿದ್ದ ಪುರಿಯನ್ನು ಇಮ್ಮಡಿ ಪುಲಕೇಶಿಯು ಮದಗಜಗಳಂಥ ನೂರಾರು ನಾವೆಗಳಿಂದ ಮುತ್ತಿದನೆನ್ನುತ್ತಾನೆ. ಗೋವೆಯ ಕದಂಬ ಷಷ್ಠದೇವನ ಹಡಗುಗಳ ಸಾಲು ಲಂಕೆಯವರೆಗೂ ಸೇತುವೆಯಾಯಿತೆಂದು ಧಾರವಾಡದ ಬಳಿಯ ನರೇಂದ್ರದ ಶಾಸನ ಹೊಗಳುತ್ತದೆ. ‘ಪಶ್ಚಿಮಸಮುದ್ರಾಧೀಶ್ವರ’ ಎಂಬುದು ಆ ವಂಶದ ಬಿರುದು. ಹಲಸಿ, ದೇಗಾಂವಿಗಳಲ್ಲಿ ಗುಡಿ ಕಟ್ಟಿಸಿದ ಇದೇ ಕದಂಬರು ಬೆಳಗಾವಿಯವರಿಗೆ ಪರಕೀಯರೇನಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಆ ಅಧೀಶ್ವರತ್ವವನ್ನು ಕಾಗದಕ್ಕಿಳಿಸಿದರು: ಅವರ ‘ಕರ್ತಾಜ್’ ಇಲ್ಲದೆ ನಮ್ಮ ಕರಾವಳಿಯ ಹಡಗು ನಿರ್ಭಯವಾಗಿ ಹೊರಡುವಂತಿರಲಿಲ್ಲ. ಆ ಮಾತು ಅರಬ್ಬಿಯ ‘ಕಿರ್ತಾಸ್’ನಿಂದ ಬಂದದ್ದು, ಅರ್ಥ ಬರಿಯ ಕಾಗದ. ಒಂದು ಚೂರು ಕಾಗದ ಸಮುದ್ರದ ಒಡೆತನವಾಗಿ ನಿಂತ ಈ ಅರ್ಥವಿಸ್ತಾರ ಪದಪ್ರಿಯರಿಗೆ ರುಚಿಸಿದರೂ ಅಂದಿನ ಬಸರೂರು, ಭಟ್ಕಳದ ವರ್ತಕರಿಗೆ ರುಚಿಸಿರಲಾರದು.

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಪ್ಪಂದ ಬಿರುದುಗಳ ಆ ಯುಗಕ್ಕೆ ಗೆರೆ ಎಳೆಯಿತು. ದಡದಿಂದ 12 ನಾಟಿಕಲ್ ಮೈಲಿಯವರೆಗೆ ದೇಶದ ಪ್ರಭುತ್ವ, 200ರವರೆಗೆ ಮೀನು, ತೈಲ, ಖನಿಜಗಳ ಹಕ್ಕು, ಅದರಾಚೆಯ ಕಡಲು ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ್ದನ್ನು ಆಳುವಂತಿಲ್ಲ, ಕಾಯಬಹುದು. ಕಾರವಾರದ ಅರಗಾ ಬಳಿ 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲಿಟ್ಟ ಸೀಬರ್ಡ್ ನೌಕಾನೆಲೆ 2005ರ ಮೇ 31ರಂದು ಕಾರ್ಯಾರಂಭ ಮಾಡಿದಾಗ ಅದಕ್ಕಿಟ್ಟ ಹೆಸರು ‘ಐಎನ್‌ಎಸ್ ಕದಂಬ’. ವಂಶದ ಹೆಸರು ಮರಳಿ ಕಡಲಿಗೆ ಬಂತು, ಅಧೀಶ್ವರ ಪದವಿ ಬರಲಿಲ್ಲ, ಅದು ಒಳ್ಳೆಯದೇ ಆಯಿತು. ಆ ನೆಲೆಗಾಗಿ ಮನೆಮಠ ಬಿಟ್ಟ ಕಾರವಾರ, ಅಂಕೋಲಾ ಹಳ್ಳಿಗಳ ಜನ ಪರಿಹಾರಕ್ಕಾಗಿ ವರ್ಷಗಟ್ಟಲೆ ಕಾದರೆಂಬುದನ್ನೂ ಈ ಧಾತುವಿನ ಲೆಕ್ಕಕ್ಕೆ ಬರೆದುಕೊಳ್ಳಲೇಬೇಕು.

2008ರ ನವೆಂಬರ್ 26ರಂದು ಮುಂಬೈಗೆ ಹಂತಕರು ಬಂದದ್ದು ಅಪಹರಿಸಿದ ಒಂದು ಮೀನುಗಾರಿಕಾ ದೋಣಿಯಲ್ಲಿ. ಅಲ್ಲಿಂದೀಚೆಗೆ ಕರಾವಳಿಯ ಶಬ್ದಕೋಶವೇ ಹಿಗ್ಗಿತು. 2009ರಲ್ಲಿ ನೌಕಾಪಡೆ ಕಟ್ಟಿದ ‘ಸಾಗರ್ ಪ್ರಹರಿ ಬಲ’ದ ಪ್ರಹರಿ, ಮೂರು ಗಂಟೆಯ ‘ಪ್ರಹರ’ದಿಂದ ಬಂದವನು; ನಮ್ಮ ‘ಪಹರೆ’ಯೂ ಅದೇ ಕಾಲಮಾನದ ಕೂಸು. ‘ಗಸ್ತು ದೋಣಿ’ಯ ಗಸ್ತು ಪಾರಸಿಯ ‘ಗಶ್ತ್’, ಸುತ್ತುವುದು. ಪಹರೆಯಲ್ಲಿ ಕಾಲವಿದೆ, ಗಸ್ತಿನಲ್ಲಿ ಕಾಲ್ನಡಿಗೆಯಿದೆ, ಕಾವಲಿನಲ್ಲಿರುವುದು ಕಣ್ಣು. ಆ ಕಣ್ಣಾಗಿ ಕರಾವಳಿಯ ಮೀನುಗಾರ ಸಮುದಾಯಗಳಾದ ಮೊಗವೀರರನ್ನೂ ಖಾರ್ವಿ, ಹರಿಕಂತ್ರರನ್ನೂ ಪೊಲೀಸರು ಇಂದು ನೆಚ್ಚಿಕೊಂಡಿರುವುದು ಸಹಜ. ತನ್ನ ನೀರಿನಲ್ಲಿ ಪರಕೀಯ ದೋಣಿ ಯಾವುದೆಂದು ಬಲೆ ಬೀಸುವವನಿಗಿಂತ ಮೊದಲು ಬೇರಾರಿಗೆ ತಿಳಿದೀತು?

ನನಗೆ ಹೆಚ್ಚು ಮೋಹವಿರುವುದು ‘ಹಾದಿ ಕಾಯು’ ಎಂಬ ನುಡಿಗಟ್ಟಿನ ಮೇಲೆ. ಆಧುನಿಕ ನೌಕಾಬಲದ ಮುಖ್ಯ ಕಸುಬನ್ನು ಇದರಷ್ಟು ನಿಖರವಾಗಿ ಹೇಳುವ ಮಾತಿಲ್ಲ. ಮೂಡಲಗಿಯ ಗೊಬ್ಬರದಂಗಡಿಯಲ್ಲಿ ಕಬ್ಬಿಗೆಂದು ಕೊಳ್ಳುವ ಪೊಟ್ಯಾಷ್ ಚೀಲವನ್ನೇ ತೆಗೆದುಕೊಳ್ಳಿ. ನಮ್ಮ ದೇಶ ಪೊಟ್ಯಾಷ್‌ಗೆ ಹೆಚ್ಚುಕಡಿಮೆ ಪೂರ್ತಿ ಹೊರನಾಡನ್ನೇ ನಂಬಿದೆ. ಅದರಲ್ಲಿ ಜೋರ್ಡನ್, ಇಸ್ರೇಲ್‌ಗಳ ಮೃತಸಮುದ್ರದ ದಡದಿಂದ ಬರುವ ಪಾಲು ಕೆಂಪುಸಮುದ್ರವಿಳಿದು ಬಾಬ್ ಎಲ್ ಮಂದೆಬ್ ಜಲಸಂಧಿಯಲ್ಲಿ ಹಾಯಬೇಕು. ಅರಬ್ಬಿಯಲ್ಲಿ ಆ ಹೆಸರಿಗೆ ‘ಅಳಲಿನ ಬಾಗಿಲು’ ಎಂದರ್ಥ. 2023ರ ನವೆಂಬರ್‌ನಿಂದ ಯೆಮನ್‌ನ ಹೂಥಿ ಬಂಡುಕೋರರು ಅಲ್ಲಿ ಹಡಗುಗಳ ಮೇಲೆ ದಾಳಿಗಿಳಿದಾಗ ಎಷ್ಟೋ ಹಡಗುಗಳು ಆಫ್ರಿಕಾದ ತುದಿಯನ್ನು ಬಳಸಿ ಹೋಗಬೇಕಾಯಿತು. ಈ ಬಾಗಿಲ ಹೊರಗಿನ ಏಡನ್ ಕೊಲ್ಲಿಯಲ್ಲಿ ನಮ್ಮ ನೌಕಾಪಡೆ 2008ರಿಂದಲೂ ಹಾದಿ ಕಾಯುತ್ತಿದೆ. 2024ರ ಮಾರ್ಚ್‌ನಲ್ಲಿ ಸೊಮಾಲಿ ಕಡಲ್ಗಳ್ಳರ ವಶದಲ್ಲಿದ್ದ ‘ರುಯೆನ್’ ಹಡಗನ್ನು ‘ಐಎನ್‌ಎಸ್ ಕೋಲ್ಕತಾ’ ಸುಮಾರು 40 ಗಂಟೆ ಬೆನ್ನುಬಿಡದೆ ಹಿಡಿದು, 35 ಕಳ್ಳರನ್ನು ಶರಣಾಗಿಸಿ, 17 ಮಂದಿ ನಾವಿಕರನ್ನು ಬಿಡಿಸಿತು. ಭಾರತದ ದಡದಿಂದ ಅದು ಸುಮಾರು 2,600 ಕಿ.ಮೀ. ದೂರದ ನೀರು. ತುರುಗಳ್ಳರನ್ನು ಬೆನ್ನಟ್ಟಿ ಹೋದ ತುರುಗಾಹಿಯ ಧಾತುವನ್ನು ಇಲ್ಲಿ ಹೂಡಿದರೆ ಅರ್ಥ ಎಳೆದಂತೆ ಆಗುವುದಿಲ್ಲ.

ಇದೇ ನುಡಿಗಟ್ಟಿನ ಇನ್ನೊಂದು ಮುಖವನ್ನು ಮಲ್ಪೆ ಕಂಡಿದೆ. 2018ರ ಡಿಸೆಂಬರ್‌ನಲ್ಲಿ ಅಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಡನೆ ಕಾಣೆಯಾಯಿತು. ಮನೆಯವರು ತಿಂಗಳುಗಟ್ಟಲೆ ಹಾದಿ ಕಾದರು, ಕಾವಲಿನವರು ಕಡಲು ಜಾಲಾಡಿದರು. 2019ರ ಮೇ ತಿಂಗಳ ಮೊದಲಲ್ಲಿ ‘ಐಎನ್‌ಎಸ್ ನಿರೀಕ್ಷಕ್’ ಅದರ ಅವಶೇಷವನ್ನು ಮಾಲ್ವಣದ ಆಚೆಯ ನೀರಿನಡಿಯಲ್ಲಿ ಗುರುತಿಸಿತು. ಹಡಗಿನ ಹೆಸರೂ ನಿರೀಕ್ಷಕ್, ಎಂದರೆ ನೋಡುವವನು. ಕನ್ನಡದಲ್ಲಿ ನಿರೀಕ್ಷೆ ಎಂದರೆ ಕಾಯುವಿಕೆ. ಆ ಮಾಲ್ವಣ ಸಿಂಧುದುರ್ಗ ಜಿಲ್ಲೆಯದು. ಗೋಕಾಕದ ಜಲಪಾತವಾಗಿ ಧುಮುಕುವ, ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟೆಯಲ್ಲಿ ತಂಗುವ ಘಟಪ್ರಭೆ ಹುಟ್ಟುವುದೂ ಅದೇ ಜಿಲ್ಲೆಯ ಘಟ್ಟದಲ್ಲಿ, ಹುಟ್ಟಿದೊಡನೆ ಪಡುಗಡಲಿಗೆ ಬೆನ್ನು ಹಾಕಿ ಮೂಡಣಕ್ಕೆ ಹರಿಯುವುದು. ಗೋಕಾಕವನ್ನು ಮನೆತನದ ಹೆಸರಾಗಿ ಹೊತ್ತ ಕವಿ ವಿನಾಯಕರು ‘ಸಮುದ್ರ ಗೀತೆಗಳು’ ಬರೆದರೆಂಬುದೂ ಇಲ್ಲಿ ನೆನಪಾಗುತ್ತದೆ.

1977ರಲ್ಲಿ ಹುಟ್ಟಿದ ಕೋಸ್ಟ್ ಗಾರ್ಡ್‌ಗೆ ಮಾತ್ರ ಕನ್ನಡದಲ್ಲಿ ಇನ್ನೂ ಹೆಸರು ನೆಲೆನಿಂತಿಲ್ಲ. ತಟರಕ್ಷಣಾ ಪಡೆ, ಕರಾವಳಿ ರಕ್ಷಣಾ ಪಡೆ, ಕರಾವಳಿ ಕಾವಲು ಪಡೆ, ಬರಿಯ ಕೋಸ್ಟ್ ಗಾರ್ಡ್, ಎಲ್ಲವೂ ಓಡಾಡುತ್ತಿವೆ. ಅದರ ಧ್ಯೇಯವಾಕ್ಯ ‘ವಯಂ ರಕ್ಷಾಮಃ’ ಆದ್ದರಿಂದ ರಕ್ಷಣೆಯ ಪಕ್ಷಕ್ಕೆ ಬಲವಿದೆ, ಸಂಸ್ಕೃತದ ಗಾಂಭೀರ್ಯವೂ ಇದೆ. ಆದರೂ ನನ್ನ ಮತ ಕಾವಲಿಗೆ. ಕನ್ನಡದ ಕಿವಿಗೆ ‘ರಕ್ಷಿಸಿದರು’ ಎಂದರೆ ಆಪತ್ತು ಬಂದಾಗಿದೆ, ಮುಳುಗುವವನ ಕೈ ಹಿಡಿದಾಗಿದೆ; ‘ಕಾದರು’ ಎಂದರೆ ಏನೂ ಆಗದೆ ಕಳೆದ ರಾತ್ರಿಗಳೂ ಲೆಕ್ಕಕ್ಕೆ ಬರುತ್ತವೆ, ಮತ್ತು ಕಡಲಿನಲ್ಲಿ ದುಡಿಯುವ ಈ ಜನರ ಹೆಚ್ಚಿನ ರಾತ್ರಿಗಳು ಅಂಥವೇ. ನಿಘಂಟುಗಳ ಮುಂದಿನ ಮುದ್ರಣದಲ್ಲಿ ‘ಕಾವಲು’ ಪದದ ಕೆಳಗೆ ಹೊಲ, ಬಾಗಿಲು, ಗಡಿಗಳ ಸಾಲಿನಲ್ಲಿ ಕಡಲನ್ನೂ ಒಂದು ಪ್ರಯೋಗವಾಗಿ ಸೇರಿಸಬೇಕೆಂದು ಸಂಪಾದಕರಲ್ಲಿ ಕೇಳಿಕೊಳ್ಳುತ್ತೇನೆ.