ಕಾಯುವುದೆಂದು ನಂಬಿದ ಗುಳಿಗೆ

ಐವತ್ತು ದಾಟಿದ ಗಂಡಸರು ನಾಲ್ವರು ಸೇರಿದಲ್ಲಿ ಮಂಡಿನೋವಿನ ಮಾತು ಬರುತ್ತದೆ, ಸಕ್ಕರೆ ಕಾಯಿಲೆಯ ಮಾತು ಬರುತ್ತದೆ. ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ಹೋಗಬೇಕಾದ ಸಂಕಟದ ಮಾತು ಮಾತ್ರ ಬರುವುದಿಲ್ಲ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಈ ಸಂಕಟವನ್ನು ಎರಡು ವರ್ಷ ಮನೆಯವರಿಗೂ ಹೇಳದೆ, ಪೇಟೆಯಲ್ಲಿ ಕೊಂಡ ಪೌಷ್ಟಿಕದ ಗುಳಿಗೆಗಳನ್ನು ನುಂಗುತ್ತಿದ್ದರು. ಒಂದು ಸಂಜೆ ಸೀಸೆಯನ್ನು ನನ್ನ ಮುಂದಿಟ್ಟು, “ಪಂಡಿತರೇ, ಇದೇನೂ ಔಷಧವಲ್ಲ. ಗುಣವಾಗದಿದ್ದರೂ ಕೆಡುಕಂತೂ ಇಲ್ಲವಲ್ಲ?” ಎಂದು ಕೇಳಿದರು. ವಾಚಕರೇ, ಈ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ. ಅದನ್ನು ನಿಮ್ಮ ಮುಂದಿಡುತ್ತೇನೆ.

ಗಂಡಸರಿಗೆ ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಬಳಸಿಕೊಂಡು, ಅಕ್ರೋಟಿನಷ್ಟು ಗಾತ್ರದ ಒಂದು ಗ್ರಂಥಿಯುಂಟು. ಅದನ್ನು ಪ್ರಾಸ್ಟೇಟ್ ಎನ್ನುತ್ತಾರೆ. ವಯಸ್ಸಾದಂತೆ ಅದು ಬೆಳೆದು ನಾಳವನ್ನು ಒತ್ತುತ್ತದೆ. ಮೂತ್ರ ಕಟ್ಟುವ ಬಾಧೆ ನಮ್ಮ ಪ್ರಾಚೀನರಿಗೂ ತಿಳಿದಿತ್ತು. ಸುಶ್ರುತ ಸಂಹಿತೆ ಹನ್ನೆರಡು ಬಗೆಯ ಮೂತ್ರಾಘಾತಗಳನ್ನು ಎಣಿಸುತ್ತದೆ. ಈ ಬೆಳವಣಿಗೆ ಬಹುಮಟ್ಟಿಗೆ ನಿರಪಾಯವಾದದ್ದು. ಅದೇ ಗ್ರಂಥಿಯಲ್ಲಿ ಹುಟ್ಟುವ ಕ್ಯಾನ್ಸರ್ ಬೇರೆಯ ರೋಗ. ಮೊದಮೊದಲು ಅದು ಯಾವ ಸುಳಿವನ್ನೂ ಕೊಡದೆ ಇದ್ದುಬಿಡಬಹುದು. ಈ ಕ್ಯಾನ್ಸರನ್ನು ಗುಳಿಗೆಯಿಂದ ತಡೆಯಬಹುದೆ ಎಂಬುದೇ ನಮ್ಮ ಕಥೆ.

ಕಥೆಯ ನಾಯಕರು ಇಬ್ಬರು, ಸೆಲೆನಿಯಮ್ ಮತ್ತು ‘ಇ’ ಜೀವಸತ್ತ್ವ. ಸ್ವೀಡನ್ನಿನ ಬರ್ಜೀಲಿಯಸ್ ೧೮೧೭ರಲ್ಲಿ ಕಂಡುಹಿಡಿದ ಸೆಲೆನಿಯಮ್‌ಗೆ ಗ್ರೀಕರ ಚಂದ್ರದೇವತೆಯ ಹೆಸರು. ‘ಇ’ ಜೀವಸತ್ತ್ವವನ್ನು ೧೯೨೨ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಈವಾನ್ಸ್ ಮತ್ತು ಬಿಷಪ್ ಎಂಬಿಬ್ಬರು ಗುರುತಿಸಿದರು. ಅದಿಲ್ಲದೆ ಇಲಿಗಳು ಮರಿಹಾಕಲಾರದೆ ಹೋದವು. ಆದ್ದರಿಂದಲೇ ಅದರ ಟೋಕೋಫೆರಾಲ್ ಎಂಬ ಹೆಸರಿನಲ್ಲಿ ‘ಹೆರಿಗೆ’ ಎಂಬರ್ಥದ ಗ್ರೀಕ್ ಪದವಿದೆ. ಎರಡೂ ದೇಹಕ್ಕೆ ಬೇಕಾದವೇ. ಆದರೆ ಬೇಕಾದದ್ದು ಹೆಚ್ಚಾದಷ್ಟೂ ಒಳ್ಳೆಯದೆ?

ಆಸೆ ಹುಟ್ಟಿಸಿದ ಪ್ರಯೋಗಗಳು ಎರಡು. ಫಿನ್‌ಲೆಂಡಿನಲ್ಲಿ ೧೯೮೫ರಿಂದ ೧೯೯೩ರವರೆಗೆ, ಧೂಮಪಾನಿಗಳಾದ ೨೯,೧೩೩ ಗಂಡಸರ ಮೇಲೆ, ಶ್ವಾಸಕೋಶದ ಕ್ಯಾನ್ಸರ್ ತಡೆಯಬಹುದೆ ಎಂದು ಒಂದು ಪರೀಕ್ಷೆ ನಡೆಯಿತು. ಅಲ್ಲಿ ‘ಇ’ ಜೀವಸತ್ತ್ವ ಸೇವಿಸಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಗಿ ಕಂಡಿತು. ಇತ್ತ ಅಮೆರಿಕದಲ್ಲಿ ಕ್ಲಾರ್ಕ್ ಎಂಬವರು ಚರ್ಮದ ಕ್ಯಾನ್ಸರ್ ಬಂದಿದ್ದ ೧,೩೧೨ ಜನರಲ್ಲಿ ಸೆಲೆನಿಯಮ್ ಪರೀಕ್ಷಿಸಿದ್ದರು. ಚರ್ಮಕ್ಕೆ ಗುಣವಾಗಲಿಲ್ಲ. ಆದರೆ ೧೯೯೬ರ ವರದಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡ ೬೩ರಷ್ಟು ಇಳಿದಿತ್ತು. ಗಮನಿಸಿ, ಎರಡು ಕಡೆಯೂ ಕೇಳಿದ ಪ್ರಶ್ನೆ ಒಂದು, ದೊರೆತ ಉತ್ತರ ಇನ್ನೊಂದು. ಒಂದು ಎಚ್ಚರಿಕೆಯೂ ಆಗಲೇ ಸಿಕ್ಕಿತ್ತು. ಅದೇ ಫಿನ್‌ಲೆಂಡಿನ ಪರೀಕ್ಷೆಯಲ್ಲಿ ಬೀಟಾ ಕ್ಯಾರೊಟಿನ್ ಎಂಬ ಮತ್ತೊಂದು ಪೌಷ್ಟಿಕವನ್ನು ಸೇವಿಸಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇಕಡ ೧೮ರಷ್ಟು ಹೆಚ್ಚಾಗಿತ್ತು.

ಪ್ರಶ್ನೆಯನ್ನು ನೇರವಾಗಿಯೇ ಕೇಳಬೇಕೆಂದು ೨೦೦೧ರಲ್ಲಿ ಅಮೆರಿಕ, ಕೆನಡ, ಪೋರ್ಟೊ ರಿಕೊಗಳಲ್ಲಿ ‘ಸೆಲೆಕ್ಟ್’ ಎಂಬ ಮಹಾಪರೀಕ್ಷೆ ಆರಂಭವಾಯಿತು. ೩೫,೫೩೩ ಆರೋಗ್ಯವಂತ ಗಂಡಸರು ಒಪ್ಪಿ ಬಂದರು. ಚೀಟಿ ಎತ್ತಿದಂತೆ ಅವರನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಸೆಲೆನಿಯಮ್, ಒಂದಕ್ಕೆ ‘ಇ’ ಜೀವಸತ್ತ್ವ, ಒಂದಕ್ಕೆ ಎರಡೂ, ಕೊನೆಯದಕ್ಕೆ ಏನೂ ಇಲ್ಲದ ಹುಸಿಗುಳಿಗೆ. ತಾನು ನುಂಗುತ್ತಿರುವುದು ಯಾವುದೆಂದು ನುಂಗುವವನಿಗೂ ಗೊತ್ತಿಲ್ಲ, ಕೊಡುವ ವೈದ್ಯನಿಗೂ ಗೊತ್ತಿಲ್ಲ. ನಮ್ಮ ಆಸೆ ನಮ್ಮ ಕಣ್ಣನ್ನು ಮೋಸಗೊಳಿಸದಿರಲೆಂದೇ ಈ ಕಟ್ಟುಪಾಡು.

ಏಳು ವರ್ಷವಾದರೂ ನಡೆಯಬೇಕಿದ್ದ ಗುಳಿಗೆ ಸೇವನೆಯನ್ನು ೨೦೦೮ರ ಅಕ್ಟೋಬರಿನಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಗುಣವಿಲ್ಲವೆಂಬುದು ಆಗಲೇ ಖಚಿತವಾಗಿತ್ತು. ಗುಳಿಗೆ ನಿಂತ ಮೇಲೂ ಆ ಗಂಡಸರ ಆರೋಗ್ಯವನ್ನು ಗಮನಿಸುತ್ತ ಬಂದರು. ೨೦೧೧ರಲ್ಲಿ ಹೊರಬಂದ ಲೆಕ್ಕ ಹೀಗಿತ್ತು: ಪ್ರತಿ ಪಾಲಿನಲ್ಲಿ ಸುಮಾರು ೮,೭೦೦ ಜನ. ಹುಸಿಗುಳಿಗೆಯವರಲ್ಲಿ ೫೨೯ ಮಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್, ‘ಇ’ ಜೀವಸತ್ತ್ವ ಮಾತ್ರ ಸೇವಿಸಿದವರಲ್ಲಿ ೬೨೦ ಮಂದಿಗೆ. ಶೇಕಡ ೧೭ರಷ್ಟು ಹೆಚ್ಚು! ಕಾಯುವುದೆಂದು ನಂಬಿದ್ದ ಗುಳಿಗೆ ಕಾಯಲಿಲ್ಲ, ಕಾಡಿತು. ಮೊದಲೇ ಕತ್ತರಿಸಿಟ್ಟಿದ್ದ ಕಾಲುಗುರಿನ ಚೂರುಗಳಲ್ಲಿ ಸೆಲೆನಿಯಮ್ ಅಳೆದು ೨೦೧೪ರಲ್ಲಿ ಇನ್ನೊಂದು ಸಂಗತಿ ಹೇಳಿದರು. ಮೈಯಲ್ಲಿ ಮೊದಲೇ ಸಾಕಷ್ಟು ಸೆಲೆನಿಯಮ್ ಇದ್ದವರು ಮೇಲೆ ಮತ್ತಷ್ಟು ಸೇವಿಸಿದಾಗ, ಉಗ್ರವಾದ ಕ್ಯಾನ್ಸರಿನ ಅಪಾಯ ಹೆಚ್ಚಿತ್ತು. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಚೆಲ್ಲಿಹೋಗುತ್ತದೆ. ದೇಹದಲ್ಲಿ ಹಾಗೆ ಚೆಲ್ಲಿಹೋಗದೆ ಹಾನಿಮಾಡುವುದೂ ಉಂಟು.

ಗ್ರಂಥಿಯ ಊತಕ್ಕೆಂದು ಮಾರುವ ಸಾ ಪಾಮೆಟೊ ಎಂಬ ಕುಳ್ಳ ತಾಳೆಗಿಡದ ಹಣ್ಣಿನ ಸಾರವೂ ಹೀಗೆಯೇ ಪರೀಕ್ಷೆಗೆ ನಿಂತಿತು. ೨೦೦೬ರಲ್ಲಿ ಒಮ್ಮೆ, ೨೦೧೧ರಲ್ಲಿ ಮೂರುಪಟ್ಟು ಪ್ರಮಾಣದವರೆಗೂ ಏರಿಸಿ ಮತ್ತೊಮ್ಮೆ. ಎರಡು ಸಲವೂ ಅದು ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ.

ಹಾಗೆಂದು ಪೌಷ್ಟಿಕಗಳೆಲ್ಲ ವಿಷವೆಂದು ನಾನು ಹೇಳುತ್ತಿಲ್ಲ. ಕೊರತೆಯನ್ನು ಕಂಡು ವೈದ್ಯರು ಕೊಟ್ಟದ್ದು ಬೇರೆ. ಭಯಕ್ಕೆ ನಾವೇ ಕೊಂಡದ್ದು ಬೇರೆ. ‘ಕೆಡುಕಿಲ್ಲ’ ಎಂಬ ಮಾತಿಗೂ ‘ಗುಣವುಂಟು’ ಎಂಬ ಮಾತಿಗಿರುವಷ್ಟೇ ಸಾಕ್ಷ್ಯ ಬೇಕು. ಮೂವತ್ತೈದು ಸಾವಿರ ಜನ ತಮ್ಮ ದೇಹವನ್ನೊಡ್ಡಿ ನಮಗೆ ಕಲಿಸಿಕೊಟ್ಟ ಪಾಠವಿದು.

ಇದನ್ನೆಲ್ಲ ಕೇಳಿದ ನನ್ನ ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಅದಿರಲಿ ಪಂಡಿತರೇ, ತಾವು ರಾತ್ರಿ ಎಷ್ಟು ಸಲ ಏಳುತ್ತೀರಿ?” ಎಂದರು. ಪಾಠ ಹೇಳುವವನಿಗೆ ಉತ್ತರ ಹೇಳಲು ನಾಚಿಕೆಯಾಯಿತು. “ಎರಡು ಸಲ,” ಎಂದೆ. ಮರುದಿನ ಇಬ್ಬರೂ ಕೂಡಿಯೇ ವೈದ್ಯರಲ್ಲಿಗೆ ಹೋದೆವು. ಅವರಿಗೂ ನನಗೂ ಇದ್ದದ್ದು ವಯಸ್ಸಿನ ಊತವೇ. ಆದರೆ ಅದನ್ನು ತಿಳಿಯಲು ಅವರಿಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಅವರನ್ನು ತಡೆದದ್ದು ರೋಗವಲ್ಲ, ಸಂಕೋಚ ಮತ್ತು ಆ ಸೀಸೆ. ನಿಮ್ಮ ಮನೆಯ ಕಪಾಟಿನಲ್ಲಿ ಅಂಥದೊಂದು ಸೀಸೆ ಇದ್ದರೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಿ.