ಕಂಕನಾಡಿಯ ಸೇವಾಧಾಮ: ಫಾದರ್ ಮುಲ್ಲರ್ ಆಸ್ಪತ್ರೆಯ ಚರಿತ್ರೆ

ಮಂಗಳೂರಿನ ಕಂಕನಾಡಿಯಲ್ಲಿರುವ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರನ್ನು ಕೇಳದವರು ಕರಾವಳಿಯಲ್ಲಿ ವಿರಳ. ಇಂದು ವೈದ್ಯಕೀಯ ಮಹಾವಿದ್ಯಾಲಯದೊಡನೆ ವಿಶಾಲವಾಗಿ ಬೆಳೆದು ನಿಂತಿರುವ ಈ ಸಂಸ್ಥೆಯ ಮೂಲವನ್ನು ಅರಿತರೆ, ಅದು ಯಾರಿಗಾಗಿ ಹುಟ್ಟಿತೆಂಬುದು ನಮಗೆ ಮನವರಿಕೆಯಾಗುವುದು.

1878ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಮಂಗಳೂರಿನ ಧರ್ಮಸೇವೆಯ ಹೊಣೆಯನ್ನು ಯೇಸುಸಭೆಗೆ ವಹಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಬಂದಿಳಿದ ಪ್ರಥಮ ತಂಡದಲ್ಲಿ ಜರ್ಮನಿಯವರಾದ ವಂದನೀಯ ಆಗಸ್ಟಸ್ ಮುಲ್ಲರ್ ಸ್ವಾಮಿಗಳಿದ್ದರು. 1880ರ ಜನವರಿಯಲ್ಲಿ ಆರಂಭವಾದ ಸಂತ ಅಲೋಷಿಯಸ್ ಕಾಲೇಜಿನಲ್ಲಿ ಬೋಧಿಸುವುದು ಅವರ ನಿಯೋಜಿತ ಕರ್ತವ್ಯವಾಗಿತ್ತು. ಆದರೆ ಹೋಮಿಯೋಪತಿಯನ್ನು ಬಲ್ಲ ಅವರು ಅದೇ ವರ್ಷ ಆಲದ ಮರವೊಂದರ ನೆರಳಿನಲ್ಲಿ ಬಡವರಿಗೆ ಔಷಧಿ ಹಂಚತೊಡಗಿದರು. ಬಡವರ ದವಾಖಾನೆಯೆಂದು ಅದು ಹೆಸರಾಯಿತು. ಅಂಚೆಯ ಮೂಲಕ ದೇಶದ ನಾನಾ ಕಡೆಗೆ ಕಳುಹಿಸುತ್ತಿದ್ದ ಔಷಧಿಗಳ ಮಾರಾಟದಿಂದ ಬಂದ ಹಣ ಈ ಸೇವೆಗೆ ಆಧಾರವಾಯಿತು.

ಸಂಸ್ಥೆಯು ಮುಂದೆ ಬೆಳೆದ ಕ್ರಮ ಗಮನಾರ್ಹವಾದುದು. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮ ಏರ್ಪಟ್ಟಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮಾರಿಯು ಮಂಗಳೂರನ್ನೂ ತಲುಪಿದಾಗ, 1902ರಲ್ಲಿ ಪ್ಲೇಗು ಆಸ್ಪತ್ರೆಯೂ ತೆರೆಯಿತು. ಬಂಧುಗಳೇ ಮುಟ್ಟಲು ಅಂಜುತ್ತಿದ್ದವರಿಗೆ ಇಲ್ಲಿನ ಬಾಗಿಲು ತೆರೆದಿತ್ತು.

ಕುಷ್ಠರೋಗವನ್ನು ಗುಣಪಡಿಸಬಲ್ಲ ಔಷಧಿ ಅಂದು ಜಗತ್ತಿನಲ್ಲಿಯೇ ಇರಲಿಲ್ಲವೆಂಬುದನ್ನು ನಾವು ಮರೆಯಲಾಗದು. ಆ ರೋಗದ ಜೀವಾಣುವನ್ನು ನಾರ್ವೆಯ ಹಾನ್ಸೆನ್ 1873ರಲ್ಲಿ ಗುರುತಿಸಿದ್ದರೂ, ಸಲ್ಫೋನ್ ಔಷಧಿಗಳು ಬಳಕೆಗೆ ಬಂದುದು 1940ರ ದಶಕದಲ್ಲಿ. ಬಹು ಔಷಧಿ ಚಿಕಿತ್ಸೆ 1980ರ ದಶಕದಲ್ಲಿ. ಅಂದ ಮೇಲೆ ಸಕ್ಕರೆ ಗುಳಿಗೆಗಳಿಂದ ಆ ರೋಗ ವಾಸಿಯಾಯಿತೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಮುಲ್ಲರ್ ಸ್ವಾಮಿಗಳು ಅವರಿಗೆ ನೀಡಲು ಸಾಧ್ಯವಿದ್ದುದು ಸೂರು, ಅನ್ನ, ಆರೈಕೆ ಮತ್ತು ಮಾನವೋಚಿತ ಗೌರವ. ಇವುಗಳಿಂದ ರೋಗ ನೀಗಲಿಲ್ಲ. ಆದರೆ ರೋಗಿಯು ಬೀದಿಯ ಪಾಲಾಗಲಿಲ್ಲ.

1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಮುಲ್ಲರ್ ಸ್ವಾಮಿಗಳು ದೈವಾಧೀನರಾದರು. ಅವರ ನಂತರ ಮಂಗಳೂರು ಧರ್ಮಪ್ರಾಂತ್ಯದ ಆಶ್ರಯದಲ್ಲಿ ಸಂಸ್ಥೆಯು ಹಲವು ಶಾಖೆಗಳಾಗಿ ಬೆಳೆಯಿತು. 1960ರಲ್ಲಿ ದಾದಿಯರ ಶಾಲೆ, 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾದವು.

ಅಂದು ಕರುಣೆಯಿತ್ತು, ಔಷಧಿಯಿರಲಿಲ್ಲ. ಇಂದು ಔಷಧಿಯಿದೆ, ಯಂತ್ರಗಳಿವೆ, ತಜ್ಞರಿದ್ದಾರೆ; ಆದರೆ ಚಿಕಿತ್ಸೆಯ ವೆಚ್ಚವನ್ನು ನೆನೆದು ಆಸ್ಪತ್ರೆಯ ಮೆಟ್ಟಿಲೇರಲು ಹಿಂಜರಿಯುವ ಬಡವರು ನಮ್ಮ ನಡುವೆಯೇ ಇದ್ದಾರೆ. ಅವರ ಹೊಣೆ ವೈದ್ಯರದು ಮಾತ್ರವೇ? ನೆರೆಮನೆಯ ರೋಗಿಯ ಕೈಹಿಡಿದು ಕರೆದೊಯ್ಯುವ, ಅವನ ಖರ್ಚಿನಲ್ಲಿ ಪಾಲುಗೊಳ್ಳುವ ಕರ್ತವ್ಯ ಪ್ರತಿಯೊಂದು ಧರ್ಮಕೇಂದ್ರದ್ದೂ ಹೌದು. ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭವೇಳೆಯಲ್ಲಿ ಭಕ್ತಾದಿಗಳೆಲ್ಲರೂ ಈ ಹೊಣೆಯನ್ನು ಮನಸಾರೆ ವಹಿಸಿಕೊಳ್ಳಲಿ.